ಹುಣಸೆಹಣ್ಣು ಕೆಳಗಿಡಿ, ಮೊದಲು ಫೋಟೊ ತೆಗೆಯಿರಿ

ಶಿರಸಿ ಹತ್ತಿರದ ನಮ್ಮ ಹಳೆ ಮನೆಯ ನಾಗಂದಿಗೆಯ ಮೇಲೆ ಒಂದು ಖಡ್ಗ ಇತ್ತು. ಹಳೆ ಪಂಚೆ ಸುತ್ತಿ, ಮೇಲೊಂದು ಅಡಿಕೆ ಹಾಳೆ ಮುಚ್ಚಿ ಇಟ್ಟಿದ್ದರು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಕೆಳಗಿಳಿಯುತ್ತಿತ್ತು, ಕುಂಕುಮ ಹಚ್ಚಿಸಿಕೊಂಡು ಮತ್ತೆ ಮೇಲೇರುತ್ತಿತ್ತು. ಒಂದು ವರ್ಷ ನನಗೆ ಉಮೇದು ಬಂತು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಇಟ್ಟುಕೊಂಡು ಬಚ್ಚಲ ಕಟ್ಟೆಯ ಮೇಲೆ ಅರ್ಧ ದಿನ ಕೂತು ತಿಕ್ಕಿದೆ. ಖಡ್ಗ ಫಳಫಳ ಹೊಳೆಯಿತು. ಮನೆಯವರೆಲ್ಲ ಭೇಷ್ ಅಂದರು.

ಸಂಜೆ ಅಜ್ಜಿ ಬಂದು ಅಲಗಿನ ಮೇಲೆ ಬೆರಳಾಡಿಸಿ ಕೇಳಿದ್ದು ಒಂದೇ ಮಾತು. "ಹಿಡಿ ಹತ್ತಿರ ನಾಲ್ಕು ಅಕ್ಷರ ಇತ್ತಲ್ಲ, ಎಲ್ಲಿ ಹೋಯಿತು?"

ಎಲ್ಲಿಗೆ ಹೋಗುತ್ತದೆ, ಬಚ್ಚಲ ನೀರಿನ ಜೊತೆ ಹೋಗಿತ್ತು. ಯಾವ ಅಕ್ಷರ, ಯಾವ ಲಿಪಿ, ಯಾರಿಗೂ ನೆನಪಿಲ್ಲ. ಒಂದು ಉಪನಯನದ ಫೋಟೊದಲ್ಲಿ ಆ ಖಡ್ಗ ಹಿಂದೆ ಗೋಡೆಗೆ ಒರಗಿ ನಿಂತಿದೆ, ಹೆಬ್ಬೆರಳಷ್ಟು ಕಾಣುತ್ತದೆ. ಇರುವ ದಾಖಲೆ ಅಷ್ಟೇ. ಅದರ ಮೇಲೆ, ಮುಂದಿನ ಮಳೆಗಾಲದಲ್ಲಿ ಅದು ಹಿಂದೆಂದೂ ಹಿಡಿಯದಷ್ಟು ಕೆಂಪು ತುಕ್ಕು ಹಿಡಿಯಿತು. ಕಪ್ಪಗಿದ್ದ ಹಳೆಯ ಮೈ ಇಷ್ಟು ವರ್ಷ ಅದನ್ನು ಕಾದಿತ್ತು. ನಾನು ಅದನ್ನೇ ಸುಲಿದಿದ್ದೆ. ಹುಣಸೆಯ ಹುಳಿ ಕಬ್ಬಿಣದ ಸಣ್ಣ ಸಣ್ಣ ಗುಳಿಗಳಲ್ಲಿ ಉಳಿದರೆ ತುಕ್ಕಿಗೆ ಅದೇ ಆಹ್ವಾನ.

ಆಮೇಲೆ ನಾವು ಕೆಲವರು, ಘಟ್ಟದ ಮೇಲಿನವರು ಮತ್ತು ಕುಮಟಾ–ಕಾರವಾರದ ಕಡೆಯವರು, ಸೇರಿ ಒಂದು ಹಂಚಿಕೆಯ ಕಡತ ಶುರು ಮಾಡಿದೆವು. ಅವರವರ ಮನೆಯ ಹಳೆ ಆಯುಧ, ಅದರ ಫೋಟೊ, ಅದಕ್ಕೆ ಮಾಡಿದ ಆರೈಕೆ, ಅದರ ಫಲ. ಇಂಟರ್ನೆಟ್ಟಿನಲ್ಲಿ ಖಡ್ಗ ನೋಡಿಕೊಳ್ಳುವ ಸಲಹೆ ರಾಶಿ ಇದೆ. ಆದರೆ ಹೆಚ್ಚಿನದು ಚಳಿದೇಶಗಳ ಒಣ ಕೋಣೆಗಳಿಗಾಗಿ ಬರೆದದ್ದು. ನಾಲ್ಕು ತಿಂಗಳು ಚಪ್ಪಲಿಗೂ ಬೂಷ್ಟು ಬರುವ ಊರಿನಲ್ಲಿ ಯಾವ ಮೇಣ ಎಷ್ಟು ದಿನ ನಿಲ್ಲುತ್ತದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ. ಅದನ್ನು ನಾವೇ ಬರೆದಿಟ್ಟುಕೊಳ್ಳಬೇಕು. ನಿಮ್ಮ ಊರಲ್ಲೂ ಇಂಥದ್ದು ಮಾಡುವ ಮನಸ್ಸಿದ್ದರೆ, ನಾವು ಎಡವಿ ಕಲಿತ ದಾರಿ ಇದು.

ಮೊದಲು ಕೋವಿಯ ಮಾತು

ಅಟ್ಟದಲ್ಲಿ ಸಿಕ್ಕಿದ್ದು ಕೋವಿಯಾದರೆ ಇಲ್ಲೇ ನಿಲ್ಲಿ. ನಮ್ಮ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಕೋವಿಗಳು ಬೇಕಾದಷ್ಟು ಇವೆ, ಚುನಾವಣೆ ಬಂದಾಗ ಠಾಣೆಗೆ ಹೋಗಿ ಬರುವುದೂ ಗೊತ್ತಿದ್ದದ್ದೇ. ತೊಂದರೆ ಇರುವುದು ಕಾಗದಪತ್ರ ಇಲ್ಲದ, ಮುತ್ತಜ್ಜನ ಕಾಲದ ಕೇಪಿನ ಕೋವಿಯದ್ದು. ಬಾಯಿಂದ ಮದ್ದು ತುಂಬುವ ಕೋವಿಯನ್ನು ಎಷ್ಟೋ ಸಲ ತುಂಬಿಯೇ ಇಟ್ಟಿರುತ್ತಾರೆ. ಮದ್ದು ಹಳೆಯದಾದರೂ ಒಣಗಿದ್ದರೆ ಹಾರುತ್ತದೆ. ನಳಿಗೆಗೆ ಕಡ್ಡಿ ಹಾಕಬೇಡಿ, ಬಿಸಿಲಿಗೆ ಇಡಬೇಡಿ, ಹತ್ತಿರ ಬೀಡಿ ಹಚ್ಚಬೇಡಿ. ಬಾಯಿ ಯಾರ ಕಡೆಗೂ ತಿರುಗದ ಹಾಗೆ ಇಟ್ಟಲ್ಲೇ ಬಿಟ್ಟು ಠಾಣೆಗೆ ತಿಳಿಸಿ. ಪರವಾನಗಿ ಇರುವ ಕೋವಿ ರಿಪೇರಿಯವರೇ ಅದನ್ನು ನೋಡಲಿ. ಯಾವ ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಹಳೆ ಕೋವಿಗೆ ಮಾತ್ರ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. "ಹಳೇದು, ಹಾರಲ್ಲ" ಎಂದು ನಾವೇ ತೀರ್ಪು ಕೊಟ್ಟುಕೊಂಡರೆ ಆಗುವುದಿಲ್ಲ. ನಮ್ಮ ಕಡತದಲ್ಲಿ ಕೋವಿ ರಿಪೇರಿಯ ಒಂದು ಸಾಲೂ ಇಲ್ಲ. ಹಾಗೆಯೇ ಇರಲಿ ಎಂದು ಮೊದಲ ದಿನವೇ ತೀರ್ಮಾನಿಸಿದೆವು.

ಅಲಗಿನ ಆಯುಧಗಳಿಗೂ ನಿಯಮ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಲೆಕ್ಕಕ್ಕೆ ಬರುತ್ತದೆ. ಮನೆಗೆಲಸದ, ಕೃಷಿಯ ಕತ್ತಿಗಳು ಹೊರಗೆ. ಹಾಗಾಗಿ ತೋಟದ ಕತ್ತಿಗೆ ಹೆದರಬೇಕಿಲ್ಲ, ಖಡ್ಗಕ್ಕೆ ಮಾತ್ರ ಠಾಣೆಯಲ್ಲಿ ಒಮ್ಮೆ ಕೇಳಿಕೊಳ್ಳಿ. ಬೈಕಿಗೆ ಕಟ್ಟಿಕೊಂಡು ಗೆಳೆಯನಿಗೆ ತೋರಿಸಲು ಹೊರಡುವುದು ಬೇಡ.

ಇನ್ನು ಮೂರು ಸಂಗತಿ ಬೇಗ ಹೇಳಿಬಿಡುತ್ತೇನೆ. 100 ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅಮೆರಿಕದ ಮೊಮ್ಮಗನಿಗೆ ಉಡುಗೊರೆ ಕೊಡಲು ಹೊರಟವರು ಗಮನಿಸಿ. ಹಿಡಿ ದಂತದ್ದೋ ಜಿಂಕೆ ಕೊಂಬಿನದ್ದೋ ಆಗಿದ್ದರೆ ವನ್ಯಜೀವಿ ಕಾಯ್ದೆ ಬರುತ್ತದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸಬೇಕು, ಮಾರುವ ಮಾತೇ ಇಲ್ಲ. ಮತ್ತೆ, ತೋಟದ ಅಗಳ ತೋಡುವಾಗ ಮಣ್ಣಲ್ಲಿ ಸಿಕ್ಕಿದ್ದು ನಿಮ್ಮದಲ್ಲ. ತೊಳೆಯದೆ, ಮಣ್ಣಿನ ಸಮೇತ ಬಿಟ್ಟು ತಹಶೀಲ್ದಾರ ಕಚೇರಿಗೆ ತಿಳಿಸಿ.

ಕಡತದಲ್ಲಿ ಏನೇನು ಇರಬೇಕು

ದೊಡ್ಡ ವೆಬ್‌ಸೈಟ್ ಮಾಡಲು ಹೊರಡಬೇಡಿ. ನಾವು ಆ ತಪ್ಪನ್ನೂ ಮಾಡಿದ್ದೆವು. ಎರಡು ತಿಂಗಳು ಹೆಸರು, ಲಾಂಛನ, ಬಣ್ಣದ ಚರ್ಚೆಯಲ್ಲೇ ಕಳೆಯಿತು, ಒಂದು ಖಡ್ಗದ ವಿವರವೂ ಸೇರಲಿಲ್ಲ. ಕೊನೆಗೆ ಉಳಿದದ್ದು ಒಂದು ಗೂಗಲ್ ಶೀಟ್ ಮತ್ತು ಫೋಟೊಗಳ ಒಂದು ಫೋಲ್ಡರ್. ಸಾಕು.

ಪ್ರತಿ ವಸ್ತುವಿಗೆ ಒಂದು ನಂಬರು ಕೊಡಿ. ಶಿರಸಿ-3, ಅಂಕೋಲಾ-1, ಹೀಗೆ. ತಾಲ್ಲೂಕಿನ ಹೆಸರು ಸಾಕು, ಊರು, ಮನೆ, ಮನೆತನ ಬೇಡ. ಫೋಟೊಗಳ ಹೆಸರೂ ಅದೇ ನಂಬರಿನಿಂದ ಶುರುವಾಗಲಿ. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ವಾಟ್ಸ್ಆ್ಯಪ್‌ನಿಂದ ಇಳಿಸಿದ ನೂರು ಫೋಟೊಗಳಲ್ಲಿ ಯಾವ ಅಲಗು ಯಾರದ್ದು ಎಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಬರೆಯುವುದು ಯೂನಿಕೋಡ್‌ನಲ್ಲಿ ಇರಲಿ. ನಮ್ಮಲ್ಲಿ ಒಬ್ಬರು ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದು ಶೀಟಿನಲ್ಲಿ ಚಿತ್ರಲಿಪಿಯ ಹಾಗೆ ಕಂಡಿತ್ತು.

ಅಂಕಣಗಳಲ್ಲಿ ಅಳತೆ, ತೂಕ, ಲೋಹ, ಹಿಡಿಯ ಬಗೆ ಇವೆಲ್ಲ ಇದ್ದೇ ಇರುತ್ತವೆ. ನಾನು ಜಗಳ ಮಾಡಿ ಸೇರಿಸಿದ್ದು ಮೂರು ಅಂಕಣ.

ಮೊದಲನೆಯದು "ಮನೆಯವರು ಕರೆಯುವ ಹೆಸರು". ಮ್ಯೂಸಿಯಂ ಪುಸ್ತಕಗಳಲ್ಲಿ ತಲ್ವಾರ್ ಎಂದು ಬರೆದದ್ದನ್ನು ನಮ್ಮಲ್ಲಿ ಕೆಲವರು ಖಡ್ಗ ಅನ್ನುತ್ತಾರೆ, ಕೆಲವರು ದೇವರ ಕತ್ತಿ ಅನ್ನುತ್ತಾರೆ. ಕೊಂಕಣಿ ಮಾತಾಡುವ ಮನೆಯಲ್ಲಿ ಇನ್ನೊಂದು ಹೆಸರು. ಕಠಾರಿ, ಬಾಕು, ಭರ್ಚಿ, ಪಟ್ಟಾ ಎಲ್ಲವನ್ನೂ ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಎರಡನೆಯದು "ಹೇಳಿಕೆ". ಉತ್ತರ ಕನ್ನಡದಲ್ಲಿ ಯಾವ ಖಡ್ಗ ತೆಗೆದರೂ ಅದು ಶಿರಸಿ ಹತ್ತಿರದ ಸೋದೆಯನ್ನು ಆಳಿದ ಅರಸರದ್ದು, ಇಲ್ಲವೇ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಸೈನ್ಯದ್ದು! 1763ರಲ್ಲಿ ಹೈದರಾಲಿಯ ಸೈನ್ಯ ಸೋದೆಯನ್ನು ತೆಗೆದುಕೊಂಡಿತು, ಅರಸ ಗೋವೆಯ ಕಡೆ ಹೋದ. ಆಮೇಲೆ ಟಿಪ್ಪು, 1799ರಿಂದ ಬ್ರಿಟಿಷರು, ಮೊದಲು ಮದ್ರಾಸಿನ ಕೆಳಗೆ, 1862ರಿಂದ ಬೊಂಬಾಯಿಯ ಕೆಳಗೆ. ಇಷ್ಟು ಸೈನ್ಯಗಳು ಓಡಾಡಿದ ನೆಲದಲ್ಲಿ ಒಂದು ಖಡ್ಗ ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಹೇಳುವುದು ಕಷ್ಟ. ಹಾಗೆಂದು ಮನೆಯವರ ಕಥೆ ಬಿಡಬೇಡಿ. ಅದನ್ನು ಹೇಳಿಕೆಯ ಅಂಕಣದಲ್ಲಿ, ಹೇಳಿದವರು ಯಾವ ತಲೆಮಾರಿನವರು ಎಂಬುದರ ಜೊತೆ ಬರೆಯಿರಿ. ಕಾಲದ ಅಂಕಣವನ್ನು ಖಾಲಿ ಬಿಡಿ. ಖಾಲಿ ಇದ್ದರೆ ಯಾರಿಗೂ ನಷ್ಟ ಇಲ್ಲ, ಸುಮ್ನೆ ತುಂಬಿದರೆ ಮುಂದಿನವರು ಅದನ್ನೇ ಇತಿಹಾಸ ಅಂದುಕೊಳ್ಳುತ್ತಾರೆ.

ಮೂರನೆಯದು "ಮಳೆಗಾಲ ಕಳೆದ ಮೇಲೆ". ಅದರ ಮಾತು ಕೊನೆಗೆ ಬರುತ್ತದೆ.

ಫೋಟೊ ತೆಗೆಯುವ ಕೆಲಸ

ಒರೆಸುವ ಮೊದಲು ತೆಗೆಯಿರಿ. ಜೇಡರ ಬಲೆ, ಕುಂಕುಮ, ಎಣ್ಣೆಯ ಜಿಡ್ಡು ಎಲ್ಲ ಇರುವಾಗಲೇ. ಜಗಲಿಯ ನೆರಳಿನಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬೆಳಕು ಚೆನ್ನಾಗಿರುತ್ತದೆ. ಕೆಳಗೆ ಬೂದು ಅಥವಾ ಮಾಸಲು ಬಣ್ಣದ ಬಟ್ಟೆ ಹಾಸಿ. ಬಿಳಿ ಪಂಚೆ ಹಾಸಿದರೆ ಕಬ್ಬಿಣ ಕಪ್ಪು ಗೆರೆಯಾಗಿ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಫ್ಲ್ಯಾಶ್ ಬೇಡ.

ಇಡೀ ಆಯುಧದ ಎರಡೂ ಮಗ್ಗುಲು, ಅಲಗಿನ ಬೆನ್ನು, ಹಿಡಿಯ ನಾಲ್ಕು ಕಡೆ, ಹಿಡಿ ಮತ್ತು ಅಲಗು ಸೇರುವ ಜಾಗ, ಮೊನೆ, ಒರೆಯ ಬಾಯಿ. ಇಷ್ಟಾದ ಮೇಲೆ ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಅಲಗಿನ ಮಟ್ಟಕ್ಕೆ ಇಳಿಸಿ ಅಡ್ಡಡ್ಡಲಾಗಿ ಬೆಳಕು ಬಿಡಿ. ಹಗಲಿಗೆ ಕಾಣದ ಅಕ್ಷರ, ಮುದ್ರೆ, ಗೀರು ಆಗ ಎದ್ದು ನಿಲ್ಲುತ್ತವೆ. ನಮ್ಮ ಖಡ್ಗಕ್ಕೆ ಈ ಒಂದು ಉಪಕಾರ ಮಾಡಿದ್ದರೆ ನಾಲ್ಕು ಅಕ್ಷರ ಉಳಿಯುತ್ತಿತ್ತು.

ಕುಮಟಾದ ಕಡೆಯ ಒಂದು ಅಲಗಿನಲ್ಲಿ ಹೀಗೆ ನೋಡುವಾಗ ಅರ್ಧಚಂದ್ರದ ಎರಡು ಗೆರೆ, ಸುತ್ತ ಹಲ್ಲಿನಂಥ ಗೀರು ಕಂಡವು. ಇಟಲಿಯ ಜೆನೋವಾ ಅಲಗುಗಳ ಮೇಲೆ ಇರುತ್ತಿದ್ದ ಗುರುತು ಅದು. ಮನೆಯವರಿಗೆ ಹಬ್ಬ. ಪೋರ್ಚುಗೀಸರ ಕಾಲದಲ್ಲಿ ಯುರೋಪಿನ ಅಲಗುಗಳು ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದವು ನಿಜ, ಅವಕ್ಕೆ ಇಲ್ಲಿಯ ಹಿಡಿ ಹಾಕಿ ಫಿರಂಗಿ ಎಂದು ಕರೆಯುತ್ತಿದ್ದರು. ಆದರೆ ಆ ಗುರುತಿಗೆ ಬೆಲೆ ಇದ್ದದ್ದರಿಂದಲೇ ಇಲ್ಲಿಯ ಕಮ್ಮಾರರೂ ಅದನ್ನು ಹೊಡೆಯುತ್ತಿದ್ದರು. ಜರ್ಮನಿಯ ಸೋಲಿಂಗನ್‌ನ ಓಡುವ ತೋಳದ ಗುರುತಿನ ಕಥೆಯೂ ಇದೇ. ಗುರುತಿನ ಫೋಟೊ ಹಾಕಿ, "ಜೆನೋವಾ ಮಾದರಿಯ ಗುರುತು" ಎಂದು ಬರೆದು ಸುಮ್ಮನಾದೆವು.

ಅಳತೆಗೆ ಹೊಲಿಗೆಯ ಟೇಪು, ಅಡುಗೆಮನೆಯ ತಕ್ಕಡಿ ಸಾಕು. ಅಲಗು ಬಾಗಿದ್ದರೂ ಹಿಡಿಯಿಂದ ಮೊನೆಗೆ ನೇರವಾಗಿ ಅಳೆಯಿರಿ. ಬೆನ್ನಿನ ದಪ್ಪವನ್ನು ಬುಡ, ನಡು, ಮೊನೆಯ ಹತ್ತಿರ ಮೂರು ಕಡೆ ನೋಡಿ. ಯುದ್ಧದ ಅಲಗು ಮೊನೆಯ ಕಡೆ ತೆಳುವಾಗುತ್ತಾ ಹೋಗುತ್ತದೆ. ಗೋಡೆಗೆ ತೂಗುಹಾಕಲು ಮಾಡಿದ ಇತ್ತೀಚಿನ ಖಡ್ಗ ಉದ್ದಕ್ಕೂ ಒಂದೇ ದಪ್ಪ ಇರುವುದು ಜಾಸ್ತಿ. ಕೈಯಲ್ಲಿ ಹಿಡಿದರೆ ಸಲಾಕೆ ಹಿಡಿದ ಹಾಗೆ.

ತುಕ್ಕನ್ನು ಓದುವುದು

ಕನ್ನಡದಲ್ಲಿ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆ–ತಾಮ್ರಕ್ಕೆ ಕಿಲುಬು. ಎರಡಕ್ಕೂ ಬೇರೆ ಬೇರೆ ಪದ ಇರುವುದು ಒಳ್ಳೆಯದೇ ಆಯಿತು, ಎರಡರ ಆರೈಕೆಯೂ ಬೇರೆ. ತುಕ್ಕಿನಲ್ಲೇ ಎರಡು ಬಗೆ. ಕಿತ್ತಳೆ ಬಣ್ಣದ, ಬೆರಳಿಗೆ ಪುಡಿ ಅಂಟುವ ತುಕ್ಕು ಈಗಲೂ ತಿನ್ನುತ್ತಿದೆ. ಕಂದು ಅಥವಾ ಕಪ್ಪಾಗಿ, ಗಟ್ಟಿಯಾಗಿ, ನಯವಾಗಿ ಕೂತದ್ದು ಸುಮ್ಮನಿದೆ. ಮೊದಲನೆಯದನ್ನು ತೆಗೆಯಬೇಕು. ಎರಡನೆಯದನ್ನು ಮುಟ್ಟಬಾರದು, ಅದೇ ಅಲಗಿನ ಚರ್ಮ.

ಕರಾವಳಿಯ ಆಯುಧಗಳಲ್ಲಿ ಇನ್ನೊಂದು ಕಾಣುತ್ತದೆ. ಒರೆಸಿ ಒಣಗಿಸಿ ಇಟ್ಟರೂ ಕೆಲವು ದಿನದಲ್ಲಿ ಕಂದು ಬಣ್ಣದ ಸಣ್ಣ ಹನಿಗಳು ಮೈಮೇಲೆ ಏಳುತ್ತವೆ, ಬೆವರಿದ ಹಾಗೆ. ಕಡಲ ಗಾಳಿಯ ಉಪ್ಪು ತುಕ್ಕಿನ ಒಳಗೆ ಸೇರಿದ್ದರ ಗುರುತು ಅದು. ಮೇಲೆ ಏನು ಹಚ್ಚಿದರೂ ಒಳಗಿನಿಂದ ತಿನ್ನುತ್ತದೆ. ಕಾರವಾರದಲ್ಲಿ ಸಮುದ್ರ ಕಾಣುವ ಮನೆಯವರ ಗೇಟು, ಗ್ರಿಲ್ಲು ಎಷ್ಟು ಬೇಗ ಹೋಗುತ್ತದೆ ನೋಡಿದ್ದೀರಲ್ಲ, ಅಲಗಿಗೂ ಅದೇ ಗತಿ. ಈ ಉಪ್ಪು ತೆಗೆಯುವುದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಇಂಥದ್ದಕ್ಕೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಅಲ್ಲಿಯವರ ಸಲಹೆ ಕೇಳಿ. ಅಲ್ಲಿಯವರೆಗೆ ಒಣ ಡಬ್ಬಿಯಲ್ಲಿ ಇಡಿ.

ಭೂತಗನ್ನಡಿ ಹಿಡಿದು ಹಿಡಿಯನ್ನೂ ಅಲಗಿನ ಬುಡವನ್ನೂ ನೋಡಿ. ಬಲೆಯ ಹಾಗೆ ಸೂಕ್ಷ್ಮ ಗೀರುಗಳು, ನಡುವೆ ಎಲ್ಲೋ ಒಂದು ಚಿನ್ನದ ಅಥವಾ ಬೆಳ್ಳಿಯ ಚುಕ್ಕೆ ಕಂಡರೆ ಕೈ ತೆಗೆಯಿರಿ. ಕಬ್ಬಿಣವನ್ನು ಗೀರಿ ಅದರ ಮೇಲೆ ಚಿನ್ನದ ತಂತಿ ಬಡಿದು ಕೂರಿಸುವ ಕೆಲಸ ಅದು. ಒಂದು ಸಲ ಗಟ್ಟಿಯಾಗಿ ಉಜ್ಜಿದರೆ ಚಿನ್ನ ಬಟ್ಟೆಗೆ ಬರುತ್ತದೆ. ಅಲಗಿನಲ್ಲಿ ಹರಿಯುವ ನೀರಿನಂತೆ ನವಿರಾದ ಗೆರೆಗಳು ಕಂಡರೂ ಹಾಗೆಯೇ. ಮೂಸೆಯಲ್ಲಿ ಕಾಯಿಸಿ ಮಾಡಿದ ದಕ್ಷಿಣ ಭಾರತದ ಉಕ್ಕಿನ ಲಕ್ಷಣ ಅದು. ಹೊರದೇಶದವರು ಅದನ್ನು ವೂಟ್ಸ್ ಎಂದರು. ಆ ಪದ ನಮ್ಮ ಉಕ್ಕಿನಿಂದಲೇ ಹುಟ್ಟಿದ್ದು ಎಂದು ಹೇಳುತ್ತಾರೆ. ಪಾಲಿಶ್ ಮಾಡಿದರೆ ಆ ಗೆರೆ ಅಳಿಸಿಹೋಗುತ್ತದೆ.

ಈಗ ಕೈ ಹಾಕಬಹುದು

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಗಾಳಿ ಒಣಗಿರುತ್ತದೆ, ಅಡಿಕೆ ಕೊಯ್ಲಿನ ನಡುವೆ ಬಿಡುವು ಮಾಡಿಕೊಳ್ಳಬೇಕು ಅಷ್ಟೇ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ತರುತ್ತದೆ. ತುಕ್ಕು ಹಿಡಿದ ಅಲಗು ತಾಗಿ ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದಿಗೆ ಅವತ್ತೇ ಹೋಗಿ.

ಮೆತ್ತನೆಯ ಪೇಂಟ್ ಬ್ರಷ್‌ನಿಂದ ದೂಳು ಝಾಡಿಸಿ. ಕಿತ್ತಳೆ ತುಕ್ಕಿರುವ ಕಡೆ ಮಾತ್ರ ಹೊಲಿಗೆ ಮಷಿನ್ನಿನ ಎಣ್ಣೆ ಒಂದೊಂದು ಹನಿ ಬಿಡಿ, ಒಂದು ರಾತ್ರಿ ಹಾಗೇ ಇರಲಿ. ಮರುದಿನ ಬಿದಿರಿನ ಕಡ್ಡಿಯನ್ನು ಚೂಪು ಮಾಡಿ ಮೆಲ್ಲನೆ ಕೆರೆಯಿರಿ. ಗಟ್ಟಿ ಚಕ್ಕೆಗೆ ಹಳೆಯ ತಾಮ್ರದ ದುಡ್ಡಿನ ಅಂಚು ಚೆನ್ನಾಗಿ ಕೆಲಸ ಮಾಡುತ್ತದೆ. ತಾಮ್ರ ಉಕ್ಕಿಗಿಂತ ಮೆದು, ಅಲಗಿಗೆ ಗೀರು ಬೀಳುವುದಿಲ್ಲ. ಇನ್ನೂ ಉಳಿದರೆ ನಾಲ್ಕು ಸೊನ್ನೆಯ (0000) ಸ್ಟೀಲ್ ವುಲ್, ಅಂದರೆ ತೀರಾ ನಯವಾದ ಉಕ್ಕಿನ ನಾರು, ಸಿಗುತ್ತದೆ, ಅದಕ್ಕಿಂತ ಒರಟು ಬೇಡ. ಎಣ್ಣೆಯ ಜೊತೆ, ಅಲಗಿನ ಉದ್ದಕ್ಕೆ, ಒಂದು ರೂಪಾಯಿ ಅಗಲದ ಜಾಗ ಮಾತ್ರ ಉಜ್ಜಿ ನೋಡಿ. ಕೆಳಗೆ ಕಪ್ಪು ಮೈ ಕಂಡ ಕೂಡಲೇ ನಿಲ್ಲಿಸಿ. ಸ್ಟೀಲ್ ವುಲ್ಲಿನ ಎಳೆಗಳು ಉದುರಿ ಅಲ್ಲೇ ಉಳಿದರೆ ಅವೇ ತುಕ್ಕು ಹಿಡಿಯುತ್ತವೆ, ಪೂರ್ತಿ ಒರೆಸಿ ತೆಗೆಯಿರಿ. ಒಂದು ಅಲಗಿಗೆ ನಾಲ್ಕೈದು ದಿನ ಹಿಡಿಯಬಹುದು. ಒಂದೇ ದಿನದಲ್ಲಿ ಮುಗಿಸಿದವರ ಅಲಗು ನೋಡಿದರೆ ಗೊತ್ತಾಗುತ್ತದೆ.

ಹಿಡಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ನಮ್ಮ ಹಳೆ ಖಡ್ಗಗಳಲ್ಲಿ ಲೋಹದ ಟೊಳ್ಳು ಹಿಡಿಯೊಳಗೆ ಅಲಗಿನ ಬಾಲ ಇಳಿಸಿ, ಅರಗು ಕಾಯಿಸಿ ಹೊಯ್ದಿರುತ್ತಾರೆ. ಅರಗು ಬಿಸಿಗೆ ಕರಗುತ್ತದೆ, ಸ್ಪಿರಿಟ್ಟಿಗೂ ಕರಗುತ್ತದೆ. ಸ್ವಚ್ಛ ಮಾಡಲು ಸ್ಯಾನಿಟೈಸರ್ ಹಾಕಿದ ಒಬ್ಬರ ಖಡ್ಗದ ಹಿಡಿ ಅಲುಗಾಡಲು ಶುರುವಾಯಿತು. ಬಿಸಿನೀರಿನಲ್ಲಿ ನೆನೆಸಿದರೂ ಅದೇ ಕಥೆ, ಜೊತೆಗೆ ನೀರು ಒಳಗೆ ಉಳಿದು ಬಾಲ ತುಕ್ಕು ಹಿಡಿಯುತ್ತದೆ. ಹಿಡಿ ಸಡಿಲವಾಗಿದ್ದರೆ ಸಡಿಲವಾಗಿಯೇ ಇರಲಿ, ಫೆವಿಕ್ವಿಕ್ ಸುರಿಯಬೇಡಿ.

ಗ್ರೈಂಡರ್ ಇರುವವರ ಹತ್ತಿರ ಒಯ್ಯಲೇಬೇಡಿ. ಐದೇ ನಿಮಿಷದಲ್ಲಿ ಅಲಗು ಕಾದು ಹದ ಹೋಗುತ್ತದೆ, ಅಕ್ಷರವೂ ಹೋಗುತ್ತದೆ. ಸಾಣೆ ಹಿಡಿಸುವ ಆಸೆಯೂ ಬೇಡ. ಹಬ್ಬಕ್ಕೆ ಹೊಳೆಯಬೇಕು ಎಂದು ಹಿರಿಯರು ಹಟ ಹಿಡಿದರೆ, ಹಿಡಿಯ ಹಿತ್ತಾಳೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಸಮಾಧಾನ ಮಾಡಿ. ನಮ್ಮ ಮನೆಯಲ್ಲಿ ನಡೆಯಿತು.

ಆಮೇಲೆ ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಎಣ್ಣೆಯ ಜಿಡ್ಡು ತೆಗೆಯಿರಿ. ಕಿಟಕಿ ತೆರೆದಿರಲಿ, ಒಲೆ ದೂರ ಇರಲಿ. ಒಣಗಿದ ಮೇಲೆ ಮೇಣ. ಮ್ಯೂಸಿಯಂಗಳಲ್ಲಿ ಬಳಸುವುದು ಮೈಕ್ರೋಕ್ರಿಸ್ಟಲೈನ್ ಮೇಣ, ಸಣ್ಣ ಡಬ್ಬಿ ಆನ್‌ಲೈನ್‌ನಲ್ಲಿ ತರಿಸಬಹುದು. ಬೆರಳ ತುದಿಯಷ್ಟು ಮೇಣ ಇಡೀ ಅಲಗಿಗೆ ಸಾಕು. ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹತ್ತಿ ಬಟ್ಟೆಯಲ್ಲಿ ತೀಡಿ.

"ನಮ್ಮಲ್ಲಿ ಜೇನುಮೇಣ ಬೇಕಾದಷ್ಟು ಇದೆಯಲ್ಲ?" ಎಂದು ಎಲ್ಲರೂ ಕೇಳುತ್ತಾರೆ. ಜೇನುಮೇಣದಲ್ಲಿ ಸ್ವಲ್ಪ ಆಮ್ಲದ ಗುಣ ಇದೆ, ದೂಳನ್ನೂ ಹಿಡಿಯುತ್ತದೆ. ತೆಂಗಿನೆಣ್ಣೆ ಇನ್ನೂ ಕೆಟ್ಟದ್ದು, ತಿಂಗಳುಗಳಲ್ಲಿ ಮುಗ್ಗಿ ಅಂಟಾಗುತ್ತದೆ. ಪೂಜೆಯ ದಿನ ತೆಂಗಿನೆಣ್ಣೆ ಹಚ್ಚಲೇಬೇಕಾದರೆ ಹಚ್ಚಿ, ಮರುದಿನ ಒರೆಸಿ. ಅಳಲೆಕಾಯಿಯ ಕಷಾಯ ಹಚ್ಚಿದರೆ ತುಕ್ಕು ಕಪ್ಪಾಗಿ ನಿಲ್ಲುತ್ತದೆ ಎನ್ನುವವರೂ ಸಿಗುತ್ತಾರೆ. ಅದರಲ್ಲಿ ಅರ್ಥ ಇದೆ, ಅಳಲೆಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ, ಹಿಂದೆ ಶಾಯಿ ಮಾಡುತ್ತಿದ್ದದ್ದೂ ಹಾಗೆಯೇ. ಆದರೆ ಅಳತೆ ತಪ್ಪಿದರೆ ವಾಪಸು ತರುವ ದಾರಿ ಇಲ್ಲ. ಪ್ರಯೋಗ ಮಾಡುವ ಆಸೆ ಇದ್ದರೆ ಮುರಿದ ಕುಡುಗೋಲಿನ ಮೇಲೆ ಮಾಡಿ, ಫಲವನ್ನು ಕಡತಕ್ಕೆ ಹಾಕಿ.

ಜೂನ್ ಬರುವ ಮೊದಲು

ಹಳೆ ಮನೆಗಳಲ್ಲಿ ಖಡ್ಗ ಒಲೆಯ ಮೇಲಿನ ಅಟ್ಟದಲ್ಲಿ ಇರುತ್ತಿತ್ತು. ದಿನವಿಡೀ ಹೊಗೆ, ಬಿಸಿ. ಜಾಗ ಒಣಗಿರುತ್ತಿತ್ತು, ಮಸಿಯ ಜಿಡ್ಡು ಮೈಗೆ ಕೂರುತ್ತಿತ್ತು. ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು. ಎಷ್ಟೋ ಮನೆಯ ಖಡ್ಗ ಹಾಳಾದದ್ದು ಆಮೇಲೆಯೇ ಎಂದು ನನ್ನ ಲೆಕ್ಕ.

ಈಗ ಆ ಅಟ್ಟದ ಕೆಲಸವನ್ನು ಡಬ್ಬಿ ಮಾಡಬೇಕು. ರಬ್ಬರ್ ಅಂಚು ಇಲ್ಲದಿದ್ದರೂ ಬಿಗಿಯಾಗಿ ಮುಚ್ಚುವ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳು, ಜೊತೆಗೆ ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್. ತೇವಾಂಶ ನೂರಕ್ಕೆ 50ರ ಕೆಳಗೆ ಇದ್ದರೆ ಕಬ್ಬಿಣಕ್ಕೆ ನೆಮ್ಮದಿ. ನಮ್ಮ ಜುಲೈ ತಿಂಗಳ ಹೊರಗಿನ ಗಾಳಿಯಲ್ಲಿ ಅದು 85–90 ಇರುತ್ತದೆ. ಜೆಲ್ಲಿನ ಬಣ್ಣ ಬದಲಾದರೆ ಓವನ್‌ನಲ್ಲಿ 110–120 ಡಿಗ್ರಿಗೆ ಕೆಲವು ಗಂಟೆ ಇಟ್ಟರೆ ಮತ್ತೆ ಒಣಗುತ್ತದೆ. ನೀಲಿ ಬಣ್ಣದ ಜೆಲ್ಲಿನಲ್ಲಿ ವಿಷದ ಅಂಶ ಇದೆ, ಕಿತ್ತಳೆ ಬಣ್ಣದ್ದು ತನ್ನಿ. ಯಾವುದೇ ಆದರೂ ಅಡುಗೆಯ ಪಾತ್ರೆಗೆ ಹಾಕಬೇಡಿ.

ಖಡ್ಗವನ್ನು ಒರೆಯಲ್ಲಿ ಇಡಬೇಡಿ. ಕೇಳಲು ವಿಚಿತ್ರ, ಅಲ್ವಾ? ಚರ್ಮದ ಒರೆ ನೀರು ಹೀರುತ್ತದೆ, ಹದ ಮಾಡಿದ ಒಗರು ಅದರಲ್ಲೇ ಉಳಿದಿರುತ್ತದೆ. ಅಲಗಿಗೆ ಅದೊಂದು ಒದ್ದೆ ಅಂಗಿ. ಆದರೆ ಒರೆಯನ್ನು ಅಲಗಿನಷ್ಟು ಒಣಗಿಸಿದರೆ ಚರ್ಮ, ಮರ ಎರಡೂ ಬಿರಿಯುತ್ತವೆ. ಅದಕ್ಕೆ ಬೇರೆ ಜಾಗ, ಗಾಳಿಯಾಡುವ ಹತ್ತಿ ಚೀಲ. ಎರಡಕ್ಕೂ ಒಂದೇ ನಂಬರಿನ ಚೀಟಿ ದಾರದಲ್ಲಿ ಕಟ್ಟಿ, ಇಲ್ಲದಿದ್ದರೆ ಮುಂದಿನ ತಲೆಮಾರಿನಲ್ಲಿ ಜೋಡಿ ತಪ್ಪುತ್ತದೆ.

ಹಂಚುವಾಗ

ಫೋಟೊದೊಳಗೆ ತೆಗೆದ ಜಾಗದ ಲೊಕೇಶನ್ ಅಡಗಿರುತ್ತದೆ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಅದನ್ನು ಮೊದಲೇ ಆಫ್ ಮಾಡಿ. ತೋಟದ ನಡುವಿನ ಒಂಟಿ ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುತ್ತಾರೆ, ಅಲ್ಲೊಂದು ಬೆಳ್ಳಿ ಹಿಡಿಯ ಕಠಾರಿ ಇದೆ ಎಂದು ಲೋಕಕ್ಕೆ ಸಾರುವುದು ಬೇಡ. ಹಿಂದಿನ ಗೋಡೆ, ದೇವರ ಕೋಣೆ, ಬಾಗಿಲು ಫೋಟೊದಲ್ಲಿ ಬರದಿರಲಿ. ದೇವಸ್ಥಾನದ ಆಯುಧವಾದರೆ ಮೊಕ್ತೇಸರರ ಒಪ್ಪಿಗೆ ಬರಹದಲ್ಲಿ ಇರಲಿ. ಅದಕ್ಕೆ ಮೇಣ ಹಚ್ಚುವ ಸಲಹೆಯನ್ನು ನೀವಾಗಿ ಕೊಡಬೇಡಿ, ಕೇಳಿದರೆ ಹೇಳಿ.

ನಮ್ಮ ಶೀಟನ್ನು ನೋಡುವ ಹಕ್ಕು ಎಲ್ಲರಿಗೂ ಇದೆ, ತಿದ್ದುವ ಹಕ್ಕು ಕೆಲವರಿಗೇ. ಯಾರಾದರೂ ಬೆಲೆ ಕೇಳಿದರೆ ಉತ್ತರ ಕೊಡುವುದಿಲ್ಲ. ಕೇಳುವವರು ಬಂದೇ ಬರುತ್ತಾರೆ. ಮನೆಯವರು ಒಪ್ಪಿದ ಕೆಲವು ಫೋಟೊಗಳನ್ನು ವಿಕಿಪೀಡಿಯದ ಫೋಟೊಗಳಿರುವ ವಿಕಿಮೀಡಿಯ ಕಾಮನ್ಸ್ ತಾಣಕ್ಕೆ, ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಯಲ್ಲಿ ಹಾಕಬಹುದು, ಕನ್ನಡದಲ್ಲೇ ವಿವರ ಬರೆದು. ಮೂರು ತಿಂಗಳಿಗೊಮ್ಮೆ ಇಡೀ ಶೀಟನ್ನು ಪೆನ್‌ಡ್ರೈವ್‌ಗೆ ಇಳಿಸಿ, ಒಂದು ಪ್ರತಿ ಕಾಗದದ ಮೇಲೂ ತೆಗೆದಿಡಿ. ಮಳೆಗಾಲದಲ್ಲಿ ಹದಿನೈದು ದಿನ ಕರೆಂಟು, ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಇದ್ದೇವೆ.

ಇನ್ನು ಮೂರನೆಯ ಅಂಕಣ. ಅಕ್ಟೋಬರಿನಲ್ಲಿ, ನವರಾತ್ರಿಯ ಹೊತ್ತಿಗೆ ಡಬ್ಬಿ ಹೇಗೂ ತೆರೆಯುತ್ತೇವೆ. ಆಗ ಮೊದಲಿನ ಅದೇ ಕೋನದಿಂದ, ಅದೇ ಬಟ್ಟೆಯ ಮೇಲೆ ಇಟ್ಟು ಮತ್ತೆ ಫೋಟೊ. ಏನು ಹಚ್ಚಿದ್ದೆವು, ಎಲ್ಲಿ ಇಟ್ಟಿದ್ದೆವು, ಮೀಟರ್ ಎಷ್ಟು ತೋರಿಸಿತು, ಹೊಸ ತುಕ್ಕು ಎಲ್ಲಿ ಬಂತು. ಕೆಟ್ಟದ್ದನ್ನೂ ಬರೆಯಬೇಕು. ಮೊದಲ ವರ್ಷ ಎಲ್ಲರೂ "ಚೆನ್ನಾಗಿದೆ" ಎಂದೇ ಬರೆದಿದ್ದರು. ಫೋಟೊ ಹೋಲಿಸಿದಾಗ ಬೇರೆಯೇ ಕಂಡಿತು. ಅದಕ್ಕೇ ಈಗ ನನ್ನ ಖಡ್ಗದ ಸಾಲನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಶಿರಸಿ-1. ಆರೈಕೆಯ ಅಂಕಣದಲ್ಲಿ "ಹುಣಸೆಹಣ್ಣು, ಬೂದಿ, ಅರ್ಧ ದಿನ". ಬರಹದ ಅಂಕಣದಲ್ಲಿ "ನಾಲ್ಕು ಅಕ್ಷರ ಇತ್ತು, ಅಜ್ಜಿಯ ಹೇಳಿಕೆ". ಹೊಸದಾಗಿ ಸೇರುವವರು ಮೊದಲು ಅದನ್ನು ಓದುತ್ತಾರೆ, ಸ್ವಲ್ಪ ನಗುತ್ತಾರೆ, ಆಮೇಲೆ ತಮ್ಮ ಮನೆಯ ಕಥೆಯನ್ನು ಸುಳ್ಳಿಲ್ಲದೆ ಬರೆಯುತ್ತಾರೆ.